ಆಡುವ ಪೆಟ್ಟಿಗೆಯಲ್ಲೇ ಆಟ ಬರೆದವರು

ಕಾಲೇಜಿನಿಂದ ಬಂದು ಮನೆಗೆಲಸ ಮುಗಿದ ಮೇಲೆ ನಾನು ವಿಡಿಯೋ ಗೇಮ್ ಬರೆಯುತ್ತೇನೆ. ಈಗಿನ ಮೊಬೈಲಿಗಲ್ಲ, 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಫ್ಯಾಮಿಕಾಮ್ ಎಂಬ ಪೆಟ್ಟಿಗೆಗೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮುಗಳು ಬಹುಪಾಲು ಅದರ ನಕಲುಗಳೇ. ನಾನು ಶಿವಮೊಗ್ಗದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ನನ್ನ ವಿದ್ಯಾರ್ಥಿಗಳು ಹುಟ್ಟುವ ಮೊದಲೇ ತಯಾರಿ ನಿಂತುಹೋದ ಯಂತ್ರಕ್ಕೆ ಈಗ ಹೊಸ ಆಟ ಬರೆಯುತ್ತೇನೆಂದರೆ ಅವರಿಗೆ ಆಶ್ಚರ್ಯ. ಹೀಗೆ ಕಂಪನಿಯ ಅನುಮತಿಯಾಗಲಿ ಸಂಬಳವಾಗಲಿ ಇಲ್ಲದೆ, ಮನೆಯಲ್ಲಿ ಕೂತು ಸ್ವಂತ ಖುಷಿಗೆ ಆಟ ಕಟ್ಟುವುದನ್ನು ಹೋಮ್‌ಬ್ರೂ ಎನ್ನುತ್ತಾರೆ.

ಈ ಹವ್ಯಾಸದವರು ಜಗತ್ತಿನ ನಾನಾ ಕಡೆ ಇದ್ದಾರೆ. ಆದರೆ ಅವರು ಕಟ್ಟಿದ ಆಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದೊಂದು ದೇಶದ್ದು ಒಂದೊಂದು ದಾರಿ. ಸ್ಪೇನಿನವರು ಇವತ್ತಿಗೂ ಸ್ಪೆಕ್ಟ್ರಮ್, ಆಮ್‌ಸ್ಟ್ರಾಡ್ ಎಂಬ ಹಳೆಯ ಕೀಬೋರ್ಡ್ ಕಂಪ್ಯೂಟರುಗಳಿಗೆ ಆಟ ಬರೆಯುತ್ತಾರೆ. ಅಮೆರಿಕದವರ ಒಲವು ಅಟಾರಿ ಮತ್ತು ನಿಂಟೆಂಡೊ ಪೆಟ್ಟಿಗೆಗಳ ಕಡೆಗೆ. ಜೆಕ್ ಮತ್ತು ಸ್ಲೊವಾಕ್ ಜನ ಚಿತ್ರವೇ ಇಲ್ಲದ, ಬರೀ ಮಾತಿನ ಆಟಗಳಲ್ಲಿ ಹೆಸರು ಮಾಡಿದರು. ಜಪಾನಿನವರು ತಮ್ಮ ಆಟಗಳನ್ನು ಜಾತ್ರೆಯಂಥ ಮೇಳದಲ್ಲಿ ಮೇಜು ಹಾಕಿಕೊಂಡು ಕೈಯಾರೆ ಮಾರುತ್ತಾರೆ. ಇದಕ್ಕೆ ಕಾರಣ ಹುಡುಕುವಾಗ ಆಯಾ ಜನರ ಸ್ವಭಾವ, ಬುದ್ಧಿವಂತಿಕೆ ಎಂದೆಲ್ಲ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಯಾವ ದೇಶದ ಕಥೆ ತೆಗೆದರೂ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಮಕ್ಕಳು ಆಡುತ್ತಿದ್ದ ಯಂತ್ರದಲ್ಲೇ ಆಟ ಬರೆಯಲು ಬರುತ್ತಿತ್ತೇ? ಬರೆದದ್ದು ಇನ್ನೊಬ್ಬರ ಮನೆಗೆ ಹೇಗೆ ಹೋಗುತ್ತಿತ್ತು?

ಬ್ರಿಟನ್ನಿನಲ್ಲಿ ಎರಡಕ್ಕೂ ಒಳ್ಳೆಯ ಉತ್ತರವಿತ್ತು. 1982ರಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರನ್ನು 125 ಪೌಂಡಿಗೆ ಮಾರಲು ತಂದಿತು. ಅದನ್ನು ಟಿವಿಗೆ ಸಿಕ್ಕಿಸಿ ಸ್ವಿಚ್ ಹಾಕಿದರೆ ನೇರವಾಗಿ ಬೇಸಿಕ್ ಭಾಷೆಯ ಆದೇಶಕ್ಕಾಗಿ ಕಾಯುತ್ತಿತ್ತು. ಆಟ ಆಡಬೇಕೆಂದರೂ ಒಂದು ಆದೇಶ ಟೈಪ್ ಮಾಡಲೇಬೇಕು. ಅಂಗಡಿಯ ಆಟಗಳು ಬರುತ್ತಿದ್ದದ್ದು ಹಾಡು ಕೇಳುವ ಮಾಮೂಲಿ ಕ್ಯಾಸೆಟ್ಟಿನಲ್ಲಿ, ಹುಡುಗ ತಾನು ಬರೆದದ್ದನ್ನು ಉಳಿಸಿಕೊಳ್ಳುತ್ತಿದ್ದದ್ದೂ ಅದೇ ಬಗೆಯ ಕ್ಯಾಸೆಟ್ಟಿನಲ್ಲಿ. ಹಾಗಾಗಿ ಕಂಪನಿಯ ಆಟಕ್ಕೂ ಮನೆಯ ಆಟಕ್ಕೂ ನಡುವೆ ಗೋಡೆಯೇ ಇರಲಿಲ್ಲ. 1983ರಲ್ಲಿ ‘ಮ್ಯಾನಿಕ್ ಮೈನರ್’ ಎಂಬ ಪ್ರಸಿದ್ಧ ಆಟ ಬರೆದಾಗ ಮ್ಯಾಥ್ಯೂ ಸ್ಮಿತ್‌ಗೆ 17 ವರ್ಷ. ಸ್ಪೆಕ್ಟ್ರಮ್ ತಯಾರಾಗುತ್ತಿದ್ದದ್ದು ಸ್ಕಾಟ್ಲೆಂಡಿನ ಡಂಡೀ ಊರಿನ ಟೈಮೆಕ್ಸ್ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಜೋನ್ಸ್ ಮುಂದೆ ಕಟ್ಟಿದ ಡಿಎಂಎ ಡಿಸೈನ್ ಎಂಬ ಸಂಸ್ಥೆಯಿಂದಲೇ 1991ರಲ್ಲಿ ‘ಲೆಮ್ಮಿಂಗ್ಸ್’, 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಬಂದವು. ಕಂಪ್ಯೂಟರ್ ಜೋಡಿಸುವ ಊರು ಆಟ ಕಟ್ಟುವ ಊರಾಯಿತು.

ಅಮೆರಿಕದಲ್ಲೂ ಮನೆಯಲ್ಲಿ ಆಟ ಬರೆದು, ಫ್ಲಾಪಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಾರಿದವರಿದ್ದರು. ಆದರೆ 1983ರಲ್ಲಿ ಅಲ್ಲಿನ ವಿಡಿಯೋ ಗೇಮ್ ವ್ಯಾಪಾರ ಕುಸಿದುಬಿತ್ತು. ಎರಡು ವರ್ಷದ ನಂತರ ಬಂದ ನಿಂಟೆಂಡೊ, ಫ್ಯಾಮಿಕಾಮಿನ ಅಮೆರಿಕನ್ ರೂಪದೊಳಗೆ ಒಂದು ಬೀಗದ ಚಿಪ್ ಇಟ್ಟಿತು. ಆಟ ತುಂಬಿದ ಕಾರ್ಟ್ರಿಜ್ಜಿನಲ್ಲಿ ಅದರ ಜೋಡಿ ಚಿಪ್ ಇಲ್ಲದಿದ್ದರೆ ಆಟ ಶುರುವಾಗುತ್ತಿರಲಿಲ್ಲ. ಕಾರ್ಟ್ರಿಜ್ಜುಗಳನ್ನು ನಿಂಟೆಂಡೊ ಕಡೆಯಿಂದಲೇ ಮಾಡಿಸಿಕೊಳ್ಳಬೇಕು, ಒಂದು ಕಂಪನಿ ವರ್ಷಕ್ಕೆ ಐದೇ ಆಟ ತರಬೇಕು ಎಂಬ ಕರಾರೂ ಇತ್ತು. ಆ ಪೆಟ್ಟಿಗೆಯ ಮುಂದೆ ಬೆಳೆದ ಮಗು ಚೆನ್ನಾಗಿ ಆಡಲು ಕಲಿಯಬಹುದಿತ್ತು, ಬರೆಯಲು ಮಾತ್ರ ಅದಕ್ಕೆ ಎಡೆಯೇ ಇರಲಿಲ್ಲ.

ಬಾಲ್ಯದ ಪೆಟ್ಟಿಗೆ ದೊಡ್ಡವರಾದ ಮೇಲೂ ಬಿಡುವುದಿಲ್ಲ. ಅಮೆರಿಕದ ಆ ಮಕ್ಕಳು ಬೆಳೆದು, ಎಂಜಿನಿಯರುಗಳಾಗಿ, ಬೀಗ ಹಾಕಿದ್ದ ಅದೇ ಪೆಟ್ಟಿಗೆಯನ್ನು ಬಿಚ್ಚಿ ನೋಡಲು ಕೂತರು. ಅದಕ್ಕಿಂತ ಹಳೆಯದಾದ ಅಟಾರಿ 2600 ಪೆಟ್ಟಿಗೆಗೂ ಹವ್ಯಾಸಿಗಳ ಹೊಸ ಆಟಗಳು ಬರತೊಡಗಿದ್ದು ತೊಂಬತ್ತರ ದಶಕದ ನಡುವೆ. ಆ ಯಂತ್ರಕ್ಕಿರುವ ಕೆಲಸದ ಮೆಮೊರಿ 128 ಬೈಟ್. ಈ ಪ್ಯಾರಾದ ಮೊದಲ ಎರಡು ವಾಕ್ಯಗಳನ್ನು ಇಡಲಿಕ್ಕೂ ಅದು ಸಾಲದು. ಇಡೀ ಪರದೆಯ ಚಿತ್ರವನ್ನು ನೆನಪಿಟ್ಟುಕೊಳ್ಳಲು ಜಾಗವಿಲ್ಲದ ಕಾರಣ, ಟಿವಿಯ ಕಿರಣ ಒಂದೊಂದು ಗೆರೆ ಎಳೆಯುವ ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಆ ಗೆರೆಯ ವಿವರ ಒದಗಿಸಬೇಕು. ಅಮೆರಿಕದ ಕಾನೂನೂ ಇಂಥವರಿಗೆ ಒಂದಿಷ್ಟು ಆಸರೆ ಕೊಟ್ಟಿತು. 1992ರ ಸೆಗಾ ಮತ್ತು ಅಕೊಲೇಡ್ ಕಂಪನಿಗಳ ಮೊಕದ್ದಮೆಯಲ್ಲಿ, ಹೊಂದಿಕೆಯಾಗುವ ಆಟ ಮಾಡಲು ಯಂತ್ರದ ಒಳಗುಟ್ಟನ್ನು ಬಿಡಿಸಿ ನೋಡುವುದು ನ್ಯಾಯಸಮ್ಮತ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ನನಗೆ ತೀರಾ ಇಷ್ಟವಾದ ಕಥೆ ಯುಗೊಸ್ಲಾವಿಯಾದ್ದು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿ 50 ಜರ್ಮನ್ ಮಾರ್ಕಿಗಿಂತ ಹೆಚ್ಚು ಬೆಲೆಯ ಸಾಮಾನನ್ನು ಹೊರಗಿನಿಂದ ತರಲು ನಿರ್ಬಂಧವಿತ್ತು. ಕಂಪ್ಯೂಟರ್ ಬೇಕೆಂದರೆ ಕದ್ದು ತರಬೇಕು, ಇಲ್ಲವೇ ಆಸೆ ಬಿಡಬೇಕು. 1983ರ ಬೇಸಿಗೆಯಲ್ಲಿ ಮಾಂಟೆನೆಗ್ರೋದ ರಿಸಾನ್ ಎಂಬ ಕಡಲತೀರದ ಊರಿಗೆ ರಜೆಗೆ ಹೋಗಿದ್ದ ವೊಯಾ ಆಂತೊನಿಚ್ ಎಂಬ ಎಂಜಿನಿಯರ್ ಒಂದು ಚಿಪ್ಪಿನ ಕೈಪಿಡಿ ಓದುತ್ತಾ ಕೂತಿದ್ದರು. ಪರದೆಗೆ ಚಿತ್ರ ಕಳಿಸಲು ಬೇರೆ ದುಬಾರಿ ಚಿಪ್ ಯಾಕೆ, ಮುಖ್ಯ ಪ್ರೊಸೆಸರಿನಿಂದಲೇ ಆ ಕೆಲಸ ಮಾಡಿಸಬಹುದಲ್ಲ ಎಂಬ ಯೋಚನೆ ಅವರಿಗೆ ಬಂತು. ಹಾಗೆ ಹುಟ್ಟಿದ್ದು ‘ಗಲಾಕ್ಸಿಯಾ’ ಕಂಪ್ಯೂಟರ್. ಅದರ ಸರ್ಕ್ಯೂಟ್ ನಕ್ಷೆ, ಜೋಡಿಸುವ ಕ್ರಮ ಎಲ್ಲವನ್ನೂ ದೆಯಾನ್ ರಿಸ್ತಾನೊವಿಚ್ ಎಂಬ ಪತ್ರಕರ್ತರ ಜೊತೆಗೂಡಿ ರೂಪಿಸಿದ, ಒಂದು ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಅಚ್ಚು ಹಾಕಿಸಿ ಜನರ ಕೈಗಿಟ್ಟರು. ಯಾರು ಬೇಕಾದರೂ ಬಿಡಿಭಾಗ ತರಿಸಿಕೊಂಡು ಬೆಸುಗೆ ಹಾಕಿಕೊಳ್ಳಬಹುದು. 8,000ಕ್ಕೂ ಹೆಚ್ಚು ಜನ ಕಿಟ್‌ಗೆ ಹೆಸರು ಕೊಟ್ಟರು.

ಕಂಪ್ಯೂಟರೇನೋ ಆಯಿತು, ಪ್ರೋಗ್ರಾಮುಗಳು ಎಲ್ಲಿಂದ ಬರಬೇಕು? ಬೆಲ್‌ಗ್ರೇಡ್ ರೇಡಿಯೋದಲ್ಲಿ ಜೊರಾನ್ ಮೋದ್ಲಿ ಎಂಬ ನಿರೂಪಕರ ‘ವೆಂಟಿಲೇಟರ್ 202’ ಕಾರ್ಯಕ್ರಮ ಆ ಕೆಲಸಕ್ಕೆ ನಿಂತಿತು. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಇರುವುದು ಸದ್ದಿನ ರೂಪದಲ್ಲಿ. ಟೇಪ್ ರೆಕಾರ್ಡರಿಗೆ ಹಾಕಿದರೆ ಕಿರ್ರೆನ್ನುವ ಕರ್ಕಶ ಶಬ್ದ. ಮೋದ್ಲಿ ಆ ಶಬ್ದವನ್ನೇ ರೇಡಿಯೋದಲ್ಲಿ ಬಿತ್ತರಿಸಿದರು. ಕೇಳುಗರು ಮನೆಯಲ್ಲಿ ಅದನ್ನು ಟೇಪಿಗೆ ಇಳಿಸಿಕೊಂಡು ಕಂಪ್ಯೂಟರಿಗೆ ಉಣಿಸಿದರು. ತಾವು ಬರೆದದ್ದನ್ನು ವಾಪಸ್ ರೇಡಿಯೋಗೆ ಕಳಿಸಿದರು. ಅದೂ ಮುಂದೊಂದು ದಿನ ಬಾನುಲಿಯಲ್ಲಿ ಬಂದು ಎಷ್ಟೋ ಮನೆಗಳ ಆಟವಾಯಿತು. ಅಂಗಡಿಯೇ ಇಲ್ಲದ ಕಡೆ ಇಂಥ ದಾರಿ ತೆರೆದವರ ಬಗ್ಗೆ ನನಗೆ ಅಪಾರ ಗೌರವ. ಸಂವಹನದ ಪಾಠ ಮಾಡುವಾಗ ಮಾಡ್ಯುಲೇಶನ್ ವಿವರಿಸಲು ಮೊದಲು ಈ ಕಥೆಯನ್ನೇ ಹೇಳುತ್ತೇನೆ. ಆಮೇಲೆ ಸೂತ್ರ ಬರೆದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಚೆಕೊಸ್ಲೊವಾಕಿಯಾದ ಪರಿಸ್ಥಿತಿ ಇನ್ನೊಂದು ಬಗೆಯದು. ಯಾರೊಸ್ಲಾವ್ ಶ್ವೆಲ್ಖ್ ಎಂಬ ವಿದ್ವಾಂಸರು ಇದನ್ನೆಲ್ಲ ಕೆದಕಿ 2018ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಕಮ್ಯುನಿಸ್ಟ್ ಆಡಳಿತದ ಆ ದೇಶದಲ್ಲಿ ಆಟ ಮಾರುವ ಮಾರುಕಟ್ಟೆಯೇ ಇರಲಿಲ್ಲ. ಹುಡುಗರು ಸೇರುತ್ತಿದ್ದದ್ದು ಸ್ವಾಜಾರ್ಮ್ ಎಂಬ, ಸೈನ್ಯಕ್ಕೆ ನೆರವಾಗಲೆಂದು ಕಟ್ಟಿದ ಸಂಘಟನೆಯ ಕಂಪ್ಯೂಟರ್ ಕ್ಲಬ್ಬುಗಳಲ್ಲಿ. ಸರ್ಕಾರದ ಕಟ್ಟಡ, ಸರ್ಕಾರದ ವಿದ್ಯುತ್ತು, ಆದರೆ ಕ್ಯಾಸೆಟ್ಟಿನಲ್ಲಿ ಏನಿದೆ ಎಂದು ನೋಡುವಷ್ಟು ತಿಳಿವಳಿಕೆ ಮೇಲಿನವರಿಗಿರಲಿಲ್ಲ. ಹಣಕ್ಕಾಗಿ ಬರೆಯುವ ಪ್ರಶ್ನೆಯೇ ಇಲ್ಲದ್ದರಿಂದ ಗೆಳೆಯರಿಗಾಗಿ ಬರೆದರು. ಒಬ್ಬನೇ ಕೂತು, ಚಿತ್ರಕಾರನ ನೆರವಿಲ್ಲದೆ, ಚಿಕ್ಕ ಮೆಮೊರಿಯಲ್ಲಿ ಬರೆಯಬಹುದಾದದ್ದು ಮಾತಿನ ಆಟ. ‘ನೀನು ಒಂದು ಕತ್ತಲ ಕೋಣೆಯಲ್ಲಿದ್ದೀಯ’ ಎಂದು ಯಂತ್ರ ಹೇಳುತ್ತದೆ, ‘ಬಾಗಿಲು ತೆಗೆ’ ಎಂದು ಆಡುವವನು ಟೈಪ್ ಮಾಡುತ್ತಾನೆ. ಹೊರದೇಶದಿಂದ ಬಂದ ಇಂಥ ಆಟಗಳು ಇಂಗ್ಲಿಷಿನಲ್ಲಿದ್ದವು. ತಮ್ಮ ಭಾಷೆಯಲ್ಲಿ ಬೇಕೆಂದರೆ ತಾವೇ ಬರೆಯಬೇಕಿತ್ತು.

ಪ್ರಾಗ್‌ನ ಫ್ರಾಂತಿಶೆಕ್ ಫುಕಾ ಎಂಬ ತರುಣ 1985ರಲ್ಲಿ ಇಂಡಿಯಾನಾ ಜೋನ್ಸ್ ಸಿನಿಮಾ ನಾಯಕನನ್ನು ಇಟ್ಟುಕೊಂಡು ಇಂಥದ್ದೊಂದು ಆಟ ಬರೆದ. ಅದು ಎಷ್ಟು ಹಬ್ಬಿತೆಂದರೆ ಬೇರೆಯವರೂ ಅದೇ ನಾಯಕನನ್ನು ತಮ್ಮ ಆಟಗಳಿಗೆ ಕರೆತಂದರು. 1989ರ ಜನವರಿಯಲ್ಲಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಸರ್ಕಾರದ ವಿರುದ್ಧ ಸೇರಿದ ಜನರ ಮೇಲೆ ಪೊಲೀಸರು ಮುಗಿಬಿದ್ದರು. ಆ ದಿನಗಳ ಮೇಲೂ ಒಂದು ಆಟ ಬಂತು. ಇಂಡಿಯಾನಾ ಜೋನ್ಸ್ ಆ ಚೌಕದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಪೊಲೀಸರಿಂದ ತಪ್ಪಿಸಿಕೊಂಡು ತನ್ನ ದೇಶ ಸೇರಬೇಕು. ಬರೆದವರ ಹೆಸರು ಆಟದಲ್ಲಿಲ್ಲ, ಇದ್ದಿದ್ದರೆ ಜೈಲು. ಪತ್ರಿಕೆಗಳಲ್ಲಿ ಬರೆಯಲಾಗದ್ದು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ ಮನೆ ಮನೆ ಸುತ್ತಿತು. ವ್ಯಾಪಾರದ ಹಾದಿಯಲ್ಲಿ ಇಂಥ ಆಟ ಹುಟ್ಟುತ್ತಲೇ ಇರಲಿಲ್ಲ. ಯಾವ ಅಂಗಡಿ ತಾನೇ ಅದನ್ನು ಇಟ್ಟುಕೊಳ್ಳುತ್ತಿತ್ತು?

ಸೋವಿಯತ್ ಒಕ್ಕೂಟದವರು ಕಂಪ್ಯೂಟರ್ ಸಿಗದಿದ್ದರೆ ಕ್ಯಾಲ್ಕುಲೇಟರ್ ಹಿಡಿದರು. ಎಲೆಕ್ಟ್ರಾನಿಕಾ ಬಿ3-34 ಎಂಬ ಕ್ಯಾಲ್ಕುಲೇಟರಿಗೆ 98 ಹೆಜ್ಜೆಗಳ ಪ್ರೋಗ್ರಾಂ ಬರೆಯಬಹುದಿತ್ತು. 1985ರಲ್ಲಿ ಒಂದು ಜನಪ್ರಿಯ ವಿಜ್ಞಾನ ಪತ್ರಿಕೆ, ಚಂದ್ರನಿಂದ ಭೂಮಿಗೆ ಹೊರಟ ಗಗನನೌಕೆಯ ಕಥೆಯನ್ನು ಧಾರಾವಾಹಿಯಾಗಿ ಹಾಕಿ, ಓದುಗರು ಕ್ಯಾಲ್ಕುಲೇಟರಿನಲ್ಲೇ ಆ ನೌಕೆ ನಡೆಸುವಂತೆ ಪ್ರೋಗ್ರಾಮುಗಳನ್ನೂ ಕೊಟ್ಟಿತು. ಪರದೆಯಲ್ಲಿ ಬರೀ ಅಂಕಿ. ಉಳಿದದ್ದೆಲ್ಲ ಕಥೆಗೆ ಬಿಟ್ಟದ್ದು.

ಜಪಾನಿನ ವಿಷಯಕ್ಕೆ ಬಂದರೆ ನನ್ನ ಎರಡನೆಯ ಪ್ರಶ್ನೆಯೇ ಮುಖ್ಯ. ಟೋಕಿಯೋದಲ್ಲಿ 1975ರ ಡಿಸೆಂಬರಿನಲ್ಲಿ ಕಾಮಿಕೆಟ್ ಎಂಬ ಮೇಳ ಶುರುವಾಯಿತು. ಹವ್ಯಾಸಿಗಳು ತಾವೇ ಬರೆದ ಕಾಮಿಕ್ಸ್ ಪುಸ್ತಕಗಳನ್ನು ತಾವೇ ಮಾರುವ ಜಾಗ ಅದು. ಈಗ ವರ್ಷಕ್ಕೆರಡು ಸಲ ಲಕ್ಷಗಟ್ಟಲೆ ಜನ ಸೇರುತ್ತಾರೆ. ಪುಸ್ತಕಗಳ ಪಕ್ಕದಲ್ಲೇ ಮನೆಯಲ್ಲಿ ಮಾಡಿದ ಆಟಗಳೂ ಬಂದು ಕೂತವು. ಜುನ್ಯಾ ಓಟಾ, ಅಭಿಮಾನಿಗಳ ಬಾಯಲ್ಲಿ ಜುನ್, ಕಾಲೇಜಿನಲ್ಲಿ ಓದುವಾಗ ಎನ್‌ಇಸಿ ಕಂಪನಿಯ ಪಿಸಿ-98 ಕಂಪ್ಯೂಟರಿಗೆ ಬರೆದ ‘ತೋಹೋ’ ಸರಣಿಯ ಆಟಗಳು ತೊಂಬತ್ತರ ದಶಕದಲ್ಲಿ ಈ ಮೇಳದಲ್ಲೇ ಮಾರಾಟವಾದವು. ಆಟವನ್ನೂ ಸಂಗೀತವನ್ನೂ ಬರೆದದ್ದು ಅವರೊಬ್ಬರೇ. ತಮ್ಮ ಪಾತ್ರಗಳನ್ನು ಬೇರೆ ಹವ್ಯಾಸಿಗಳು ಬಳಸಿಕೊಳ್ಳಲು ಅವರು ಒಪ್ಪಿಗೆ ಕೊಟ್ಟದ್ದರಿಂದ ಅದೇ ಪಾತ್ರಗಳ ಮೇಲೆ ಸಾವಿರಾರು ಜನ ಹಾಡು, ಪುಸ್ತಕ, ಆಟ ಕಟ್ಟಿದರು. ಕೊಳ್ಳುವವರು ಎದುರಿಗೇ ಬರುವಾಗ ಬೀಗ ಹಾಕಿದ ಪೆಟ್ಟಿಗೆಯನ್ನು ಒಡೆಯುವ ಅಗತ್ಯ ಅಲ್ಲಿನ ಹವ್ಯಾಸಿಗಳಿಗೆ ಅಷ್ಟಾಗಿ ಬೀಳಲಿಲ್ಲ. ಅವರ ಗಮನ ಪಿಸಿಯ ಕಡೆಗೇ ಉಳಿಯಿತು.

ಈಗ ನಮ್ಮ ಕಡೆಗೆ. ನಾನು ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಣ್ಣ ಹಠ ಮಾಡಿ ಕೊಡಿಸಿಕೊಂಡ ವಿಡಿಯೋ ಗೇಮಿಗೆ ನಾವು ಹಾಕುತ್ತಿದ್ದ ಕಾರ್ಟ್ರಿಜ್ಜನ್ನು ಎಲ್ಲರೂ ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ಮೇಲೆ ಸಾವಿರಾರು ಆಟಗಳಿವೆಯೆಂದು ಅಚ್ಚು, ಒಳಗೆ ಅವವೇ ಕೆಲವು ಆಟಗಳು ಹೆಸರು ಬದಲಾಯಿಸಿಕೊಂಡು ಬರುತ್ತಿದ್ದವು. ಕಾಂಟ್ರಾ ಎಂಬ ಆಟ ಇರುವ ಕ್ಯಾಸೆಟ್ಟನ್ನು ಬೀದಿಯ ಮಕ್ಕಳು ಸರದಿಯ ಮೇಲೆ ಎರವಲು ಪಡೆಯುತ್ತಿದ್ದರು. ಅದೇ ಹೊತ್ತಿಗೆ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಇತ್ತು. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಒಳಗೆ ಹೋಗಿ, ಒಂದು ಕೀಬೋರ್ಡಿಗೆ ನಾಲ್ಕು ಜನ ಕೂತು ಬೇಸಿಕ್ ಕಲಿಯುತ್ತಿದ್ದೆವು. ಬರೆಯುವ ಯಂತ್ರ ಶಾಲೆಯ ಬೀಗದ ಕೋಣೆಯಲ್ಲಿ, ಆಡುವ ಯಂತ್ರ ಮನೆಯ ಟಿವಿ ಕೆಳಗೆ. ಇವೆರಡೂ ಒಂದೇ ಜಾತಿಯ ವಸ್ತುಗಳು ಎಂದು ನಮಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಹೋಮ್‌ಬ್ರೂ ಬೆಳೆಯದಿದ್ದುದಕ್ಕೆ ಇದೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ತೆರೆದ ಯಂತ್ರಗಳು ಭಾರತಕ್ಕೆ ಬಂದೇ ಇರಲಿಲ್ಲವೆಂದಲ್ಲ. 1984ರಲ್ಲಿ ಶುರುವಾದ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಬ್ರಿಟನ್ನಿನ ಮಕ್ಕಳು ಮನೆಯಲ್ಲಿ ಬಳಸುತ್ತಿದ್ದ ಬಿಬಿಸಿ ಮೈಕ್ರೊ ಕಂಪ್ಯೂಟರುಗಳೇ ನಮ್ಮ ಶಾಲೆಗಳಿಗೆ ಬಂದವು. ಹೆಚ್ಚಿನ ಮನೆಗಳಿಗೆ ಬರಲಿಲ್ಲ, ಅಷ್ಟೇ.

ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಫ್ಯಾಮಿಕಾಮಿನ ನಕಲುಗಳಲ್ಲೇ ಕೆಲವಕ್ಕೆ ಕೀಬೋರ್ಡ್ ಇತ್ತು. ಚೀನಾದಲ್ಲಿ ಸುಬೋರ್ ಎಂಬ ಕಂಪನಿ ಅಂಥವನ್ನು ಓದುವ ಮಕ್ಕಳ ಯಂತ್ರವೆಂದು ಮಾರಿ ಮನೆಮಾತಾಯಿತು. ಆ ಬಗೆಯವು ನಮ್ಮ ಪೇಟೆಗಳಿಗೂ ಬಂದವು. ಅವುಗಳ ಕ್ಯಾಸೆಟ್ಟಿನಲ್ಲಿ, ಟೈಪಿಂಗ್ ಪಾಠದ ಪಕ್ಕದಲ್ಲಿ, ಒಂದು ಬೇಸಿಕ್ ಕೂಡ ಇರುತ್ತಿತ್ತು. ಅಂದರೆ ಬಾಗಿಲು ಅರೆ ತೆರೆದಿತ್ತು. ಆದರೆ ಬರೆದದ್ದನ್ನು ಉಳಿಸಿಕೊಳ್ಳುವ ಸೌಲಭ್ಯ ಅವುಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಹೋಯಿತು. ಕನ್ನಡದ ಯಾವ ವಾರಪತ್ರಿಕೆಯಾದರೂ ಆಗ ವಾರಕ್ಕೊಂದು ಪುಟದ ಪ್ರೋಗ್ರಾಂ ಅಚ್ಚು ಹಾಕಿದ್ದಿದ್ದರೆ ಎಷ್ಟು ಮಕ್ಕಳು ಅದನ್ನು ಟೈಪ್ ಮಾಡಿ ನೋಡುತ್ತಿದ್ದರೋ! ಬ್ರಿಟನ್ನಿನಲ್ಲೂ ಯುಗೊಸ್ಲಾವಿಯಾದಲ್ಲೂ ಈ ಕೆಲಸ ಮಾಡಿದ್ದು ಪತ್ರಿಕೆಗಳೇ.

ಹಾಗಾಗಿ ನಾನು ಇವತ್ತು ಆಯ್ದುಕೊಂಡಿರುವುದೂ ನನ್ನ ಬಾಲ್ಯದ ಪೆಟ್ಟಿಗೆಯನ್ನೇ. ಅದಕ್ಕೆ ಬರೆಯುತ್ತಿರುವುದು ಚೌಕಾಬಾರ. ಐದು ಮನೆಯ ಪಟ, ನಾಲ್ಕು ಕವಡೆ. ಎಲ್ಲ ಅಂಗಾತ ಬಿದ್ದರೆ ಚೌಕ, ಎಲ್ಲ ಬೋರಲು ಬಿದ್ದರೆ ಬಾರ. ಆಟದ ನಿಯಮ ಬರೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕನ್ನಡದ ಅಕ್ಷರ.

ಆ ಯಂತ್ರ ಪರದೆಯ ಹಿನ್ನೆಲೆಯನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಬಿಲ್ಲೆಗಳಿಂದ ಜೋಡಿಸುತ್ತದೆ. ಒಂದು ಸಲಕ್ಕೆ 256 ಬಿಲ್ಲೆ ಮಾತ್ರ. ಇಂಗ್ಲಿಷಿನ 26 ಅಕ್ಷರ ಒಂದೊಂದು ಬಿಲ್ಲೆಯಲ್ಲಿ ಸಲೀಸಾಗಿ ಕೂರುತ್ತವೆ. ಜಪಾನಿನ ಕಟಕಾನಾ ಅಕ್ಷರಗಳೂ ಕೂರುತ್ತವೆ. ಆದರೂ 1986ರ ‘ಡ್ರ್ಯಾಗನ್ ಕ್ವೆಸ್ಟ್’ ಆಟದವರು ಜಾಗ ಉಳಿಸಲು ಕಟಕಾನಾದಲ್ಲಿ ಕೆಲವನ್ನಷ್ಟೇ ಇಟ್ಟುಕೊಂಡು, ಅವುಗಳಲ್ಲಿ ಬರೆಯಬಹುದಾದ ಹೆಸರುಗಳನ್ನೇ ಆರಿಸಿಕೊಂಡರು. ಕನ್ನಡದ ‘ಕ’ ಅಷ್ಟು ಚಿಕ್ಕ ಬಿಲ್ಲೆಯಲ್ಲಿ ಓದಲು ಬಾರದ ಉಂಡೆಯಾಗುತ್ತದೆ. ತಲೆಕಟ್ಟು, ಗುಣಿತ, ದುಂಡು ಹೊಟ್ಟೆ ಎಲ್ಲ ಸ್ಪಷ್ಟವಾಗಿ ಬರಬೇಕೆಂದರೆ ಎರಡಕ್ಕೆರಡು, ನಾಲ್ಕು ಬಿಲ್ಲೆ ಬೇಕು. ವ್ಯಂಜನಗಳು 34. ಅವಕ್ಕೇ 136 ಬಿಲ್ಲೆ ಹೋದವು. ಒತ್ತಕ್ಷರ ಬಂದರೆ ಕೆಳಗೆ ಮೂರನೆಯ ಸಾಲು. ಸ್ವರಗಳು, ಗುಣಿತದ ಬಗೆಗಳು, ಅಂಕಿಗಳು ಸೇರಿದರೆ ಪಟ ಬರೆಯಲು, ಕಾಯಿ ಇಡಲು ಬಿಲ್ಲೆಯೇ ಉಳಿಯುವುದಿಲ್ಲ.

ಕೊನೆಗೆ ಅಕ್ಷರಮಾಲೆಯನ್ನು ಪೂರ್ತಿ ತುಂಬುವ ಆಸೆ ಬಿಟ್ಟು, ಆಯಾ ಪರದೆಯಲ್ಲಿ ಕಾಣುವ ಪದಗಳ ಬಿಲ್ಲೆಗಳನ್ನು ಮಾತ್ರ ಆ ಹೊತ್ತಿಗೆ ತರಿಸಿಕೊಳ್ಳುವ ಹಾಗೆ ಬರೆದೆ. ಬಿಲ್ಲೆಗಳನ್ನು ಆಡುತ್ತಿರುವಾಗಲೇ ಬದಲಿಸಬಲ್ಲ ಕಾರ್ಟ್ರಿಜ್ ವಿನ್ಯಾಸ ಇದಕ್ಕೆ ಒದಗಿತು. ಸಾಲಿಗೆ 16 ಅಕ್ಷರ ಸಿಗುತ್ತವೆ. ‘ಬಾರ ಬಿತ್ತು, ಇನ್ನೊಮ್ಮೆ ಹಾಕು’ ಎಂಬ ಸಾಲು ಒತ್ತಿನ ಸಮೇತ ಚೆಂದವಾಗಿ ಕೂತಾಗ ನನ್ನ ವಿದ್ಯಾರ್ಥಿನಿಯೊಬ್ಬಳು, ‘ಮೇಡಂ, ಆ ತ-ವತ್ತು ಇನ್ನೊಂದು ಚುಕ್ಕೆ ಕೆಳಗೆ ಬರಲಿ’ ಎಂದಳು. ಅವಳು ಹೇಳಿದ್ದು ಸರಿ. ಈಗ ಒತ್ತುಗಳನ್ನೆಲ್ಲ ಅವಳೇ ಬಿಡಿಸುತ್ತಿದ್ದಾಳೆ.

ಎರಡನೆಯ ಪ್ರಶ್ನೆಗೆ, ಅಂದರೆ ಆಟವನ್ನು ಜನರಿಗೆ ದಾಟಿಸುವುದಕ್ಕೆ, ನಮ್ಮಲ್ಲಿ ಜಾಗವಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳ ನೂಕುನುಗ್ಗಲು ನೋಡಿದ ಯಾರಿಗೂ ಕಾಮಿಕೆಟ್ ಅಪರಿಚಿತ ಅನ್ನಿಸಲಾರದು. ಅಲ್ಲಿ ಲೇಖಕರು ತಮ್ಮ ಪುಸ್ತಕ ತಾವೇ ಹಿಡಿದು ಮಾರುತ್ತಾರೆ, ಓದುಗರು ಚೀಲ ತುಂಬಿಸಿಕೊಂಡು ಹೋಗುತ್ತಾರೆ. ಜಿಲ್ಲಾ ಸಮ್ಮೇಳನದಲ್ಲಿ ಒಂದು ಮೇಜು ಹಿಡಿಯಲು ನಾವು ಹೊರಟಿದ್ದೇವೆ. ಮೇಜಿನ ಮೇಲೆ ಒಂದು ಹಳೆಯ ಟಿವಿ, ಎರಡು ಜಾಯ್‌ಸ್ಟಿಕ್, ಬಂದವರು ಕೂತು ಆಡಲು ಚೌಕಾಬಾರ. ಅಕ್ಷರದ ಬಿಲ್ಲೆಗಳನ್ನು, ಅವನ್ನು ಬಳಸುವ ಬಗೆಯನ್ನು ಬರೆದ ಚಿಕ್ಕ ಪುಸ್ತಿಕೆಯನ್ನೂ ಪೆನ್‌ಡ್ರೈವಿನಲ್ಲಿ ಕೇಳಿದವರಿಗೆಲ್ಲ ಹಾಕಿಕೊಡುತ್ತೇವೆ. ಅಳಗುಳಿಮಣೆ ಬರೆಯುವ ಮನಸ್ಸಿದ್ದವರು ಅಕ್ಷರ ಬಿಡಿಸುವುದರಿಂದ ಶುರು ಮಾಡಬೇಕಾಗಿಲ್ಲ.